ಮೂರು ಜನರ ಗಾಡಿ

ತುಮಕೂರಿನ ಗುಬ್ಬಿ ಗೇಟಿನ ಬಳಿ ಜುಂಜಪ್ಪ ಲಾರಿಗಳಿಗೆ ಬ್ಲೇಡ್ ಕಟ್ಟುತ್ತಿದ್ದ. ಗಾಡಿಯ ಭಾರವನ್ನೆಲ್ಲ ಹೊತ್ತು, ಹಳ್ಳ ಬಂದಾಗ ಬಾಗಿ ಮತ್ತೆ ಏಳುವ ಉಕ್ಕಿನ ಪಟ್ಟಿಗಳಿಗೆ ಅಲ್ಲಿ ಎಲ್ಲರೂ ಬ್ಲೇಡ್ ಎನ್ನುತ್ತಾರೆ. ಬರುವವರದೆಲ್ಲ ಒಂದೇ ಮಾತು: "ಇನ್ನೆರಡು ಹಾಕು ಮೇಸ್ತ್ರಿ, ಎತ್ತರ ಮಾಡು." ಬ್ಲೇಡ್ ಹೆಚ್ಚಿದಷ್ಟೂ ಇಟ್ಟಿಗೆ, ಮರಳು ಹೆಚ್ಚು ಹೇರಬಹುದು. ಇಷ್ಟೇ ಹೇರಿ ಎಂದು ಬ್ಲೇಡಿನವನು ಮಾಲೀಕನಿಗೆ ಹೇಳುವ ಪದ್ಧತಿ ಅಲ್ಲಿ ಇರಲಿಲ್ಲ. ಹಾಗೆ ಹೇಳಿದರೆ ಅವನ ಕೆಲಸದಲ್ಲೇ ಬಲವಿಲ್ಲವೆಂದು ತಿಳಿದು ಮಾಲೀಕ ಪಕ್ಕದ ಅಂಗಡಿಗೆ ಹೋಗುತ್ತಿದ್ದ.

ಜುಂಜಪ್ಪ ಗುಬ್ಬಿ ಕಡೆಯ ಒಂದು ಹಟ್ಟಿಯವನು. ಹಿರೇಹಳ್ಳಿಯ ಶೆಡ್ಡೊಂದರಲ್ಲಿ ಚನ್ನವೀರಯ್ಯ ಎಂಬ ಮುದುಕನ ಕೈಕೆಳಗೆ ಕೆಲಸ ಕಲಿತ. ಚನ್ನವೀರಯ್ಯ ಬ್ಲೇಡನ್ನು ಬೆಂಕಿಗೆ ತೋರಿಸಲು ಬಿಡುತ್ತಿರಲಿಲ್ಲ. "ಕಾಯ್ಸುದ್ರೆ ಬೇಗ ಬಾಗ್ತದೆ ಕಣ್ಲಾ. ಬೇಗ ಬಾಗಿದ್ದು ಬೇಗ ಕುಸೀತದೆ. ತಣ್ಣಗಿರೋದ್ನೇ ಬಡಿ." ತಣ್ಣಗಿನ ಉಕ್ಕನ್ನು ಬಡಿದು ಬಡಿದು ಜುಂಜಪ್ಪನ ಎಡಗಿವಿ ಮಂದವಾಯಿತು. ತೊಂಬತ್ತಮೂರರಲ್ಲಿ ಜಾಕು ಜಾರಿ, ಲಾರಿಯ ಹಿಂಭಾಗ ಅರ್ಧ ಗೇಣು ಕುಸಿದು ಅವನ ಸೊಂಟ ಹೋಯಿತು. ಅಂದಿನಿಂದ ಅವನು ಬಸ್ಸಿನಲ್ಲಿ ಕೂರುತ್ತಿರಲಿಲ್ಲ. ಸೀಟು ಖಾಲಿಯಿದ್ದರೂ ಕಂಬಿ ಹಿಡಿದು, ಹಿಮ್ಮಡಿ ಎತ್ತಿಕೊಂಡು ನಿಲ್ಲುತ್ತಿದ್ದ. ಮನೆಯಲ್ಲಿ ಹೆಂಡತಿ ರಂಗಲಕ್ಷ್ಮಮ್ಮ ಎಣ್ಣೆ ತಿಕ್ಕುವಾಗ, "ಊರ ಗಾಡಿ ಸೊಂಟಾನೆಲ್ಲಾ ರಿಪೇರಿ ಮಾಡ್ತೀಯ, ನಿಂದು ನನ್ ಪಾಲು" ಎನ್ನುತ್ತಿದ್ದಳು.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ ಆರಂಭದಲ್ಲಿ ಕುಣಿಗಲ್ಲಿನ ಶಿವಮೂರ್ತಿ ತನ್ನ ಹತ್ತು ಸೀಟಿನ ದೊಡ್ಡ ಜೀಪನ್ನು ತಂದು ನಿಲ್ಲಿಸಿದ. ಮದುವೆ, ತಿಥಿಗಳಿಗೆ ಅದನ್ನು ಬಾಡಿಗೆಗೆ ಓಡಿಸುವುದೇ ಅವನ ಕಸುಬು.

"ಇದ್ನ ಇಳಿಸ್ಬೇಕು ಮೇಸ್ತ್ರಿ. ಎಷ್ಟಾಗುತ್ತೋ ಅಷ್ಟು ಕೆಳಕ್ಕೆ."

ಜುಂಜಪ್ಪ ನಕ್ಕುಬಿಟ್ಟ. "ಎಲ್ರೂ ಏರ್ಸು ಅಂತಾರೆ, ನೀವು ಇಳ್ಸು ಅಂತೀರ. ಏನ್ ಸ್ವಾಮಿ, ಬೆಂಗ್ಳೂರ್ ಹುಡುಗ್ರ ತರ ಶೋಕಿನಾ?"

ಶಿವಮೂರ್ತಿ ನಗಲಿಲ್ಲ. ಅವನ ಹೆಂಡತಿ ವನಜಾಕ್ಷಿ ಅಂಗನವಾಡಿ ಟೀಚರು, ಮೂವತ್ತೆಂಟು ವರ್ಷ. ಎದೆಯ ಕ್ಯಾನ್ಸರು ಬೆನ್ನುಮೂಳೆಗೆ ಇಳಿದಿತ್ತು. ವಾರಕ್ಕೊಮ್ಮೆಯಂತೆ ಆರು ವಾರ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಬೇಕಿತ್ತು. ಜೋರಾದ ಒಂದು ಕುಲುಕು ಬಿದ್ದರೂ ಮೂಳೆ ಮುರಿದು ಕಾಲು ಹೋಗಬಹುದೆಂದು ಡಾಕ್ಟರು ಹೇಳಿದ್ದರು. ಮೊದಲ ಸಲ ಇಬ್ಬರು ಗಂಡಸರು ಅವಳನ್ನು ಎದೆಮಟ್ಟ ಎತ್ತಿ ಗಾಡಿಗೆ ಹಾಕುವಷ್ಟರಲ್ಲೇ ಅವಳು ಪ್ರಜ್ಞೆ ತಪ್ಪಿದ್ದಳು. ನೆಲಮಂಗಲ ದಾಟುವವರೆಗೂ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

"ಮಂಚದಿಂದ ಹಂಗೇ ಜಾರಿಸಿದ್ರೆ ಒಳಗೆ ಹೋಗೋ ಹಂಗಿರ್ಬೇಕು. ದಾರೀಲಿ ಅವ್ಳಿಗೆ ನೋವಾಗ್ಬಾರ್ದು. ಅಷ್ಟೇ."

ಜುಂಜಪ್ಪನಿಗೆ ತಾನು ನಕ್ಕದ್ದು ನೆನಪಾಗಿ ಮುಖ ಎತ್ತಲಾಗಲಿಲ್ಲ. ನೆಲದ ಮೇಲೆ ಮಲಗಿ ಗಾಡಿಯ ಕೆಳಗೆ ಸರಿದ. ಅಲ್ಲಿಂದಲೇ ಕೇಳಿದ: "ಅಮ್ಮೋರು ಎಷ್ಟು ತೂಕ ಅವ್ರೆ?"

"ನಲವತ್ತು ಕೆಜಿ ಇದ್ರೆ ಹೆಚ್ಚು."

"ಜೊತೇಲಿ?"

"ನಾನು ಓಡಿಸ್ತೀನಿ. ನಮ್ಮತ್ತೆ ಹನುಮಂತಮ್ಮ ಪಕ್ಕದಲ್ಲಿ ಕೂತ್ಕೋತಾರೆ."

ಗಾಡಿ ಇಳಿಸುವುದು ಕಷ್ಟವಲ್ಲ. ನಾಲ್ಕು ಬ್ಲೇಡು ತೆಗೆದರೆ ತಾನೇ ಇಳಿಯುತ್ತದೆ, ಮೆತ್ತಗೂ ಆಗುತ್ತದೆ. ಆದರೆ ಮೆತ್ತಗಿನ ಬ್ಲೇಡಿಗೆ ಬಾಗಲು ಜಾಗ ಬೇಕು, ಇಳಿದ ಗಾಡಿಯಲ್ಲಿ ಇಲ್ಲದ್ದೂ ಅದೇ. ಮೊದಲ ಗುಂಡಿಯಲ್ಲೇ ಚಕ್ರಗಳ ನಡುವಿನ ಆಕ್ಸಲ್ಲು ಎದ್ದು ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಗುದ್ದುತ್ತದೆ. ಆ ಏಟು ನೇರವಾಗಿ ಕೂತವರ ಬೆನ್ನಿಗೆ. ಗಾಡಿ ಕೆಳಗಿರಬೇಕು, ಮೆತ್ತಗಿರಬೇಕು, ಗುದ್ದಲೂ ಬಾರದು ಎಂದರೆ ಎಷ್ಟು ಭಾರ ಕೂರುತ್ತದೆಂದು ಸರಿಯಾಗಿ ಗೊತ್ತಿರಬೇಕು. ಮೂರು ಜನ. ಜುಂಜಪ್ಪ ಆ ಮೂರು ಜನರಿಗೆ ಬ್ಲೇಡ್ ಕಟ್ಟಿದ.

ಐದು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ದಪ್ಪ ಪಟ್ಟಿಗಳನ್ನು ಬಿಚ್ಚಿ ಹಳೆಯ ಕಾರೊಂದರ ತೆಳ್ಳನೆಯ ಪಟ್ಟಿಗಳನ್ನು ಹುಡುಕಿ ತಂದ. ಅವುಗಳ ಬಾಗು ತೆಗೆಯಲು ತಣ್ಣಗೇ ಬಡಿದ, ಒಂದೊಂದು ಪಟ್ಟಿಗೂ ನೂರಾರು ಸಣ್ಣ ಏಟು. ಉಕ್ಕು ಉಕ್ಕಿಗೆ ಉಜ್ಜದಂತೆ ನಡುವೆ ಟ್ಯೂಬಿನ ರಬ್ಬರು ಕತ್ತರಿಸಿ ಇಟ್ಟ. ಗಾಡಿ ಐದು ಬೆರಳು ಇಳಿಯಿತು. ಮೂರು ಜನರ ತೂಕದ ರಾಗಿ ಚೀಲ ಹೇರಿದ ಮೇಲೂ ಆಕ್ಸಲ್ಲಿಗೂ ಏಟು ತಡೆಯಲು ಚಾಸಿಯ ಅಡಿಗೆ ಕೂರಿಸಿದ್ದ ರಬ್ಬರಿಗೂ ನಡುವೆ ಮೂರು ಬೆರಳು ಜಾಗ ಉಳಿಯಿತು.

ಎರಡು ಚೀಲ ಇಳಿಸಿ, ಒಂದರ ಬದಲು ಶಿವಮೂರ್ತಿಯನ್ನು ಸ್ಟೀರಿಂಗಿಗೆ ಕೂರಿಸಿ, ಇನ್ನೊಂದರ ಬದಲು ತಾನೇ ಹಿಂದಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದ. "ಹೆಬ್ಬೂರಿಗೆ ಹೋಗಿ ಬನ್ನಿ ಸ್ವಾಮಿ. ಗುಂಡಿ ತಪ್ಪಿಸ್ಬೇಡಿ" ಎಂದ. ಅವನ ಸೊಂಟಕ್ಕಿಂತ ಒಳ್ಳೆಯ ಅಳತೆಗೋಲು ಅಂಗಡಿಯಲ್ಲಿ ಇರಲಿಲ್ಲ. ಹೆಬ್ಬೂರಿನ ಬಸ್ ಸ್ಟ್ಯಾಂಡಿನಲ್ಲಿ ಶಿವಮೂರ್ತಿ ಗಾಡಿ ನಿಲ್ಲಿಸಿ, "ಹೆಂಗದೆ ಮೇಸ್ತ್ರಿ?" ಎಂದು ತಿರುಗಿ ನೋಡಿದರೆ ಜುಂಜಪ್ಪ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದ.

ಗಾಡಿ ಕೊಡುವಾಗ ಮೂರೇ ಜನ ಎಂದು ಹೇಳಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ದಿನ ಯಾರಿಗೂ ಹೇಳದ ಮಾತು, ಅದನ್ನು ಹೇಳಿದರೆ ಇಂಥ ಕೆಲಸಕ್ಕೆ ತಾನೇ ಕುಂದು ತಂದಂತೆ. ಹೇಗೂ ಅವರೇ ಮೂರು ಜನ ಎಂದಿದ್ದಾರಲ್ಲ. "ನೋಡ್ಕೊಂಡು ಓಡ್ಸಿ" ಎಂದಷ್ಟೇ ಹೇಳಿ ಕೈ ಒರೆಸಿಕೊಂಡ.

ಮೂರು ವಾರ ಎಲ್ಲವೂ ಸರಿಯಿತ್ತು. ವನಜಾಕ್ಷಿ ಸೆರಗು ಕಚ್ಚದೆ ಬೆಂಗಳೂರಿಗೆ ಹೋಗಿಬಂದಳು. ಮೂರನೆಯ ವಾರ ದಾರಿಯಲ್ಲಿ ಸೌತೆಕಾಯಿ ಕೊಡಿಸಿಕೊಂಡು ತಿಂದಳಂತೆ. ಶಿವಮೂರ್ತಿ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನು ಮಾಡಿ ಅದನ್ನು ಹೇಳಿದಾಗ ಜುಂಜಪ್ಪ ರಿಸೀವರನ್ನು ಬಲಗಿವಿಗೆ ಒತ್ತಿ ಹಿಡಿದು ಎರಡೆರಡು ಸಲ ಹೇಳಿಸಿಕೊಂಡ.

ನಾಲ್ಕನೆಯ ವಾರ, ಒಂದು ಭಾನುವಾರ, ಗಾಡಿ ಅಂಗಡಿಯ ಮುಂದೆ ಬಂದು ನಿಂತಿತು. ದೇವರ ದರ್ಶನಕ್ಕೆಂದು ದೇವರಾಯನದುರ್ಗದ ಬೆಟ್ಟಕ್ಕೆ ಹೊರಟಿದ್ದರು. ಬ್ಲೇಡ್ ಕಟ್ಟಿದವನನ್ನು ನೋಡಬೇಕೆಂದು ವನಜಾಕ್ಷಿಯೇ ಹಠ ಮಾಡಿ ಸುತ್ತಿಸಿಕೊಂಡು ಬಂದಿದ್ದಳು. ಅವಳ ನೋವು ಕಡಿಮೆಯಾಗಿದೆ ಎಂದರೆ ನೆಂಟರು ಮನೆಯಲ್ಲಿ ಕೂರುತ್ತಾರೆಯೇ? ಆ ಕಡೆ ಕಾಯಿಲೆಯವರನ್ನು ಒಂಟಿಯಾಗಿ ಕಳಿಸುವುದಿಲ್ಲ. ಆಸ್ಪತ್ರೆಗಾಗಲಿ ದೇವರಿಗಾಗಲಿ, ಗಾಡಿಯಲ್ಲಿ ಜಾಗವಿದ್ದೂ ಹತ್ತದವನು ನೆಂಟನಲ್ಲ. ಅವಳ ತಾಯಿ ಹನುಮಂತಮ್ಮ, ತಂದೆ ಪುಟ್ಟರಂಗಯ್ಯ, ತಮ್ಮ ರವೀಶ, ಇಬ್ಬರು ಅಕ್ಕಂದಿರು, ಮೂವರು ಮಕ್ಕಳು, ಎದುರು ಮನೆಯ ಮುದುಕಿ. ಗಂಡ ಹೆಂಡತಿ ಸೇರಿ ಹನ್ನೊಂದು ಜನ. ಜೊತೆಗೊಂದು ಚಿತ್ರಾನ್ನದ ಪಾತ್ರೆ.

ಜುಂಜಪ್ಪ ವನಜಾಕ್ಷಿಗೆ ಕೈ ಮುಗಿದು, ಅಭ್ಯಾಸದಂತೆ ಬಗ್ಗಿ ಚಕ್ರದ ಹಿಂದೆ ನೋಡಿದ. ಮೂರು ಬೆರಳ ಜಾಗ ಇರಲಿಲ್ಲ. ಚಾಸಿಯ ರಬ್ಬರು ಆಕ್ಸಲ್ಲಿನ ಮೇಲೆ ಕೂತುಬಿಟ್ಟಿತ್ತು.

"ಅಣ್ಣೋರೆ, ಜನ ಜಾಸ್ತಿ ಆದ್ರು."

ಶಿವಮೂರ್ತಿ ಬಾಯಿ ತೆರೆಯುವ ಮೊದಲೇ ರವೀಶ ಕಿಟಕಿಯಿಂದ ತಲೆ ಹಾಕಿದ. "ಏನ್ ಮೇಸ್ತ್ರಿ, ಇದೇ ಗಾಡೀಲಿ ಇಪ್ಪತ್ತು ಜನ ದಿಬ್ಬಣ ಹೋಗಿದೀವಿ. ಹನ್ನೊಂದಕ್ಕೇ ಜಾಸ್ತಿನಾ? ಬ್ಲೇಡ್ ಕಟ್ಟಿದೀಯೋ ಬಾಳೆದಿಂಡು ಕಟ್ಟಿದೀಯೋ?"

ಗಾಡಿಯೆಲ್ಲ ನಕ್ಕಿತು. ವನಜಾಕ್ಷಿಯೂ ನಕ್ಕಳು.

"ಅರ್ಧ ಜನ ಇಳ್ದು ಬಸ್ಸಲ್ಲಿ ಹೋದ್ರೆ..."

"ದೇವ್ರಿಗೆ ಅಂತ ಹತ್ತಿದೋರ್ನ ದಾರೀಲಿ ಇಳಿಸ್ಬಾರ್ದು ಕಣಪ್ಪ" ಎಂದರು ಪುಟ್ಟರಂಗಯ್ಯ. ಕೋಪದಿಂದಲ್ಲ, ತಿಳಿಯದವನಿಗೆ ತಿಳಿಹೇಳುವಂತೆ.

ವನಜಾಕ್ಷಿ ದಿಂಬಿನಿಂದ ತಲೆ ಎತ್ತಿದಳು. "ಬುಡಿ ಜುಂಜಣ್ಣ. ಇಷ್ಟು ದಿನ ಎಲ್ಲಾ ಬಾಗ್ಲಲ್ಲಿ ನಿಂತು ನೋಡ್ಕೊಂಡು ಅತ್ಕೊಂಡು ಹೋಗೋರು. ಇವತ್ತೇ ಪಕ್ಕದಲ್ಲಿ ಕೂತಿರೋದು."

ಅವನಿಗೆ ಇನ್ನೂ ಒಂದು ಮಾತು ಉಳಿದಿತ್ತು. ಇದು ಮೂರೇ ಜನರ ಗಾಡಿ, ನಾನು ಹಾಗೆಯೇ ಕಟ್ಟಿದ್ದೇನೆ, ನಾಲ್ಕನೆಯವರ ಭಾರವನ್ನು ಇದು ತಡೆಯುವುದಿಲ್ಲ ಎಂದು ಬೀದಿಯಲ್ಲಿ ಕೂಗಿ ಹೇಳಬಹುದಿತ್ತು. ಕೂಗಿದರೆ ಬಾಳೆದಿಂಡು ಎಂದದ್ದನ್ನು ತಾನೇ ಒಪ್ಪಿಕೊಂಡಂತೆ. ಪಕ್ಕದ ಅಂಗಡಿಯವರು ಹೊರಗೆ ಬಂದು ನೋಡುತ್ತಿದ್ದರು.

"ನಿಧಾನಕ್ಕೆ ಹೋಗಿ" ಎಂದ.

ಬೆಟ್ಟ ಹತ್ತುವ ಮೊದಲೇ ಆಯಿತು. ನೀರಿನ ಪೈಪಿಗಾಗಿ ರಸ್ತೆ ಅಗೆದು ಮಣ್ಣು ಮುಚ್ಚಿದ್ದ ಜಾಗ. ಗಾಡಿ ನಿಧಾನವಾಗಿಯೇ ಇತ್ತು. ಕೆಳಗಿನಿಂದ ಒಂದೇ ಒಂದು ಏಟು ಬಂತು, ಸದ್ದೂ ದೊಡ್ಡದಲ್ಲ. ಮಕ್ಕಳು ಹೋ ಎಂದು ನಕ್ಕರು. ವನಜಾಕ್ಷಿ ಒಮ್ಮೆ ಕೂಗಿ ಸುಮ್ಮನಾದಳು. ಸ್ವಲ್ಪ ದೂರ ಹೋದಮೇಲೆ ತಾಯಿಯನ್ನು ಕೇಳಿದಳಂತೆ: "ಅವ್ವಾ, ನನ್ ಕಾಲ್ ಮೇಲೆ ಯಾರೋ ಕೂತವ್ರಾ? ಎತ್ತೋಕೇ ಆಗ್ತಿಲ್ಲ."

ಅವಳ ಕಾಲ ಮೇಲೆ ಯಾರೂ ಕೂತಿರಲಿಲ್ಲ.

ಸುದ್ದಿ ತಿಳಿದ ದಿನ ಜುಂಜಪ್ಪ ಊಟ ಮಾಡಲಿಲ್ಲ. ರಂಗಲಕ್ಷ್ಮಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಗಾಡಿ ಕೊಡುವಾಗ್ಲೇ ಮೂರು ಅನ್ನೋಕೆ ಬಾಯಿ ಬರ್ಲಿಲ್ವಾ ನಿಂಗೆ?" ಎಂದಳು.

ಹತ್ತು ದಿನದ ಮೇಲೆ ಶಿವಮೂರ್ತಿ ಬಸ್ಸಿನಲ್ಲಿ ಬಂದ. ಬೈಯುತ್ತಾನೆಂದು ಜುಂಜಪ್ಪ ಎದ್ದು ನಿಂತ. ಬೈದರೆ ಸಾಕೆಂದೂ ಅನಿಸಿತ್ತು. ಶಿವಮೂರ್ತಿ ಬೈಯಲಿಲ್ಲ.

"ಇನ್ನೆರಡು ಸಲ ಕರೆಂಟು ಕೊಡಿಸ್ಬೇಕು. ಮೇಲಿನ ಮೂಳೆಗಾದ್ರೂ ಹರಡ್ದೆ ಇರ್ಲಿ ಅಂತಾರೆ ಡಾಕ್ಟ್ರು. ಈಗ ನೆಂಟ್ರು ಇನ್ನೂ ಜಾಸ್ತಿ ಜನ ಬರ್ತೀವಿ ಅಂತವ್ರೆ. ನಾನು ಬೇಡ ಅಂದ್ರೆ ಹೆಣ್ ಕೊಟ್ಟೋರ್ನ ಇಳಿಸ್ದ ಅಂತಾರೆ. ನೀವು ಹೊರಗ್ನೋರು. ಬಂದು ಬಾಗ್ಲಲ್ಲಿ ನಿಂತ್ಕೊಳ್ಳಿ."

ಗುರುವಾರ ಬೆಳಿಗ್ಗೆ ಜುಂಜಪ್ಪ ಕುಣಿಗಲ್ಲಿಗೆ ಹೋದ. ಮಂಚವನ್ನು ಬಾಗಿಲಿಗೆ ತಂದಿದ್ದರು. ಚಾಪೆಯನ್ನು ಎಳೆದರೆ ವನಜಾಕ್ಷಿ ಎತ್ತುವ ಗೋಜಿಲ್ಲದೆ ಗಾಡಿಯೊಳಗೆ ಜಾರಿದಳು. ಹನುಮಂತಮ್ಮ ಹತ್ತಿದರು. ಶಿವಮೂರ್ತಿ ಸ್ಟೀರಿಂಗ್ ಹಿಡಿದ. ಪುಟ್ಟರಂಗಯ್ಯ ಪಂಚೆ ಎತ್ತಿಕೊಂಡು ಕಾಲಿಡಲು ಬಂದಾಗ ಜುಂಜಪ್ಪ ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿದ.

"ಮೂರೇ ಜನ ಯಜಮಾನ್ರೆ."

"ನನ್ ಮಗ್ಳು ಕಣಯ್ಯಾ ಅವ್ಳು."

"ಮೂರೇ ಜನ."

"ಯಾರ್ಲಾ ನೀನು ಹೇಳೋಕೆ? ಎಲ್ಲಾ ನಿನ್ನಿಂದ್ಲೇ ಆಗಿದ್ದು!" ರವೀಶ ಅವನ ಅಂಗಿ ಹಿಡಿದು ಜಗ್ಗಿದ. ಒಂದು ಗುಂಡಿ ಕಿತ್ತುಬಂತು. ಜುಂಜಪ್ಪ ಕೈ ಇಳಿಸಲಿಲ್ಲ. "ಹೌದು ಕಣಪ್ಪ, ನನ್ನಿಂದ್ಲೇ" ಎಂದ.

ಒಳಗಿನಿಂದ ವನಜಾಕ್ಷಿಯ ದನಿ ಬಂತು. ಅದರಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. "ಈಗ್ಯಾಕೆ ತಡೀತೀರ ಜುಂಜಣ್ಣ? ಬರ್ಲಿ ಬುಡಿ. ಸೊಂಟದಿಂದ ಕೆಳಕ್ಕೆ ನಂಗೇನೂ ಗೊತ್ತಾಗಲ್ಲ."

ಅವನು ಬಾಗಿಲು ಹಾಕಿ ಚಿಲಕ ತಳ್ಳಿದ.

ನೆಂಟರು ಬೀದಿಯಲ್ಲಿ ಬುತ್ತಿ, ಫ್ಲಾಸ್ಕು ಹಿಡಿದುಕೊಂಡು ನಿಂತೇ ಇದ್ದರು. ಗಾಡಿ ಹೊರಟಿತು. ಬೀದಿಯ ಕೊನೆಯಲ್ಲಿ ಚರಂಡಿಗೆ ಹಾಸಿದ ಚಪ್ಪಡಿಯೊಂದು ಎರಡು ಬೆರಳಷ್ಟು ಉಬ್ಬಿಕೊಂಡಿತ್ತು. ಹಿಂದಿನ ಚಕ್ರ ಅದನ್ನು ಹತ್ತಿ ಇಳಿಯಿತು. ಬ್ಲೇಡು ಮೆಲ್ಲನೆ ಬಾಗಿ, ಮೆಲ್ಲನೆ ಎದ್ದಿತು. ಒಂದು ಚೂರೂ ಸದ್ದಾಗಲಿಲ್ಲ.