ಬೇವು ಕಟ್ಟಿದ ಬಾಗಿಲ ಒಳಗೆ

ನರ್ಸಬಾಯಿಯ ಬೆರಳ ತುದಿಗಳು ಸ್ಪಿರಿಟ್ಟಿಗೆ ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಆ ವಾಸನೆ ಇಳಕಲ್ಲಿನ ನಮ್ಮ ಓಣಿಯ ತಿರುವಿಗೆ ಬಂತೆಂದರೆ ಮಕ್ಕಳೆಲ್ಲ ಹಿತ್ತಿಲ ಗೋಡೆ ಹಾರುತ್ತಿದ್ದೆವು. ಎಲ್ಲರಿಗಿಂತ ಮೊದಲು ನಾನು. ಮರುದಿನ ಕಟ್ಟೆಯ ಮೇಲೆ ಕೂತು ಅವರ ಮೂಗಿನ ದನಿಯಲ್ಲಿ, "ಸೂಜಿ ಅಲ್ಲೋ, ಇರಿವಿ ಕಚ್ಚಿದಂಗ" ಎಂದು ಅಣಕಿಸುವ ಧೀರನೂ ನಾನೇ.

ಆ ಬೇಸಿಗೆ ನನಗೂ ತಂಗಿಗೂ ಗೊಬ್ಬರ ಎದ್ದಾಗ, ಪುಸ್ತಕದ ಭಾಷೆಯಲ್ಲಿ ದಡಾರ, ಹಾರಲು ಗೋಡೆಯೇ ಇರಲಿಲ್ಲ. ಅಜ್ಜಿ ಬಾಗಿಲಿಗೆ ಬೇವು ಕಟ್ಟಿ, ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟು, ಒಗ್ಗರಣೆ ನಿಲ್ಲಿಸಿ ನಮ್ಮಿಬ್ಬರನ್ನು ಕೋಣೆಯಲ್ಲಿ ಕೂಡಿಹಾಕಿದಳು. ಓಣಿಯ ತುಂಬ ಮಗ್ಗದ ಸದ್ದು. ನಮ್ಮ ಮಗ್ಗ ಮಾತ್ರ ಗೊಬ್ಬರವಾಗಿ ಮನೆಗೆ ಬಂದ ದೇವಿಗೆ ಹೆದರಿ ಸುಮ್ಮನಾಗಿತ್ತು.

ನರ್ಸಬಾಯಿ ಬಂದದ್ದು ರಕ್ತಕ್ಕೆ. ಜ್ವರದಲ್ಲೊಮ್ಮೆ, ಗುಣವಾದ ಮೇಲೊಮ್ಮೆ ತೆಗೆದು, ರೋಗದೊಡನೆ ಕಾದುವ ಶಕ್ತಿ ಮಕ್ಕಳಲ್ಲಿ ಎಷ್ಟು ಹುಟ್ಟಿತೆಂದು ದೊಡ್ಡ ದವಾಖಾನೆಯವರು ನೋಡುತ್ತಿದ್ದರಂತೆ. ಹೊಸ್ತಿಲಿನಿಂದಲೇ ಅವರಿಗೆ ತಂಗಿ ಕಂಡಳು. ಬಾಯಿ ಹುಣ್ಣಾಗಿ ನೀರೂ ಇಳಿಯದೆ, ಅಳಲು ಕಣ್ಣೀರೂ ಇಲ್ಲದೆ ಬಿದ್ದಿದ್ದಳು.

"ಒಳಗ ಬಂದ್ರ, ಹುಡುಗ್ರಿಗೆ ಗುಣಾಗಿ ಮೈಗೆ ನೀರು ಹಾಕೂತನಕ ಹೊರಗ ಹೋಗಂಗಿಲ್ಲ, ನೋಡವಾ," ಅಂದಳು ಅಜ್ಜಿ.

"ಆತ್ರಿ ಆಯಿ, ಇರ್ತೇನಿ. ಮೊದಲ ಒಂದು ಚಮಚಾ ಕೊಡ್ರಿ."

ಹೀಗೆ ಮೂವರು ಒಳಗಾದೆವು. ಸೂಜಿ ಚುಚ್ಚಿದರು, ಧೀರ ಕಿರುಚಿದ. ಆಮೇಲೆ ಹಗಲೆಲ್ಲ ತಂಗಿಯ ತುಟಿಗೆ ಚಮಚ. ಸಂಜೆ ಅವರ ಗಂಡ ಪುಟ್ಟ ಮಗಳನ್ನೆತ್ತಿಕೊಂಡು ಓಣಿಗೆ ಬರುತ್ತಿದ್ದರು. ಇವರು ಗೋಣಿ ಸರಿಸದೆಯೇ ಕೂಗುತ್ತಿದ್ದರು: "ಹತ್ರ ತರಬ್ಯಾಡ್ರೀ! ಅಕಿಗಿನ್ನೂ ಗೊಬ್ಬರ ಬಂದಿಲ್ಲ. ನನಗ ಸಣ್ಣಾಕಿದ್ದಾಗ ಬಂದೈತಿ, ನನ್ನ ರಕ್ತ ಅದನ್ನ ಮರತಿಲ್ಲ."

ಒಂದು ಸಂಜೆ, ಅಪ್ಪ ಮಗಳು ಹೋದ ಮೇಲೆ, ನನಗೆ ತಡೆಯಲಾಗಲಿಲ್ಲ. ಆ ಮಗು ದಿನಾ ಓಣಿಯಿಂದ ಕೂಗುತ್ತಿದ್ದ ತೊದಲಿನಲ್ಲೇ, "ಅವ್ವಾ, ಹೊಲಗ ಬಾ" ಎಂದೆ. ಏಟು ಬೀಳುತ್ತದೆಂದು ತಲೆ ಮುಚ್ಚಿಕೊಂಡೆ. ಚಮಚ ನಿಂತಿತು, ಅಷ್ಟೇ.

"ಇನ್ನೊಮ್ಮೆ ಅನ್ನೋ."

ಅಂದೆ. ನೀರು ಹಾಕುವವರೆಗೂ ದಿನಾ ಅಂದೆ.

ತಂಗಿ ಉಳಿದಳು. ಮಗ್ಗ ಬಾಯಿಬಿಟ್ಟಿತು. ಎರಡನೆಯ ರಕ್ತಕ್ಕೆ ನಾನೇ ಹೋಗಿ ತೋಳು ಚಾಚಿದೆ. ಕಿರುಚಿದ್ದು ಬೇರೆ ಮಾತು.

ಹೋದ ವರ್ಷ ನರ್ಸಬಾಯಿ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ, ಈಗ ಕಾಲೇಜು ಓದುವ ಆ ಮಗಳು ಕೇಳಿದಳು: "ಎಲ್ಲಾರ ದನಿ ತಗೀತೀರಂತ. ನಮ್ಮವ್ವಂದು ಬರ್ತದೇನ್ರಿ?"

ಅತ್ತು ನನ್ನ ಮೂಗು ಕಟ್ಟಿತ್ತು, ಆ ದನಿ ಸುಲಭವಾಯಿತು. "ಸೂಜಿ ಅಲ್ಲೋ, ಇರಿವಿ ಕಚ್ಚಿದಂಗ."

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

"ಇನ್ನೊಮ್ಮೆ ಅನ್ರಿ."