ಶಾಲೆಯ ಅರ್ಜಿಯಲ್ಲಿ ನನ್ನದೇ ಅಕ್ಷರ

ವಿಚ್ಛೇದನಕ್ಕೆಂದು ಮೊದಲ ಸಲ ವಕೀಲರ ಬಳಿಗೆ ಹೋಗುವ ಹೆಂಗಸರು ಈಗಲೂ ನನ್ನ ಸೀರೆ ಅಂಗಡಿಗೆ ಬಂದು, ಎಂತೆಂತ ಕೊಂಡುಹೋಗಬೇಕು ಎಂದು ಕೇಳುತ್ತಾರೆ. ಮದುವೆಯ ಕಾಗದ, ಫೋಟೊ, ರೇಷನ್ ಕಾರ್ಡು ಎಲ್ಲ ಆಮೇಲೆ. ಮೊದಲು ನೀವು ಮಾಡಿದ ತಪ್ಪನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ನನಗೂ ಬಂದಿತ್ತು, ಇನ್ನೂ ಇಳಿದಿಲ್ಲ.

ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಕಾಪುವಿಗೆ. ಗಂಡ ದುಬೈಯಲ್ಲಿದ್ದ. ಅವನು ಕಳಿಸುವುದನ್ನು ಕಾಯುತ್ತಾ ಕೂರುವವಳಲ್ಲ ನಾನು. ಮನೆ ಮನೆಗೆ ಸೀರೆಯ ಗಂಟು ಹೊತ್ತು, ಕೊನೆಗೆ ಕಾರ್ಕಳ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಹಿಡಿದೆ. ವಾರವಿಡೀ ಕುಕ್ಕುಂದೂರಿನ ತಾಯಿಮನೆಯಲ್ಲಿದ್ದು ಶನಿವಾರ ಕಾಪುವಿಗೆ ಹೋಗುತ್ತಿದ್ದೆ. ಎಂಟು ವರ್ಷದ ಮಗಳು ಅಲ್ಲಿ ಅಜ್ಜಿಯ, ಅಂದರೆ ನನ್ನ ಅತ್ತೆಯ ಜೊತೆ ಇದ್ದಳು, ಒಳ್ಳೆಯ ಇಂಗ್ಲಿಷ್ ಮೀಡಿಯಂ ಶಾಲೆ ಹತ್ತಿರ ಉಂಟು ಎಂಬ ಕಾರಣಕ್ಕೆ.

ಆ ವರ್ಷ ರಜೆಗೆ ಬಂದವನ ಪೆಟ್ಟಿಗೆಯಲ್ಲಿ ಒಂದು ಆಲ್ಬಂ ಸಿಕ್ಕಿತು. ಅದರಲ್ಲಿ ಇನ್ನೊಬ್ಬಳು, ಅವಳ ತೊಡೆಯ ಮೇಲೆ ಇವನದೇ ಮೂಗಿನ ಒಂದು ಮಗು. ಕೇಳಿದೆ. ಸುಳ್ಳು ಹೇಳುವ ಮರ್ಯಾದೆಯನ್ನೂ ಅವನು ನನಗೆ ಕೊಡಲಿಲ್ಲ.

"ನಿನಗೆ ಅಂಗಡಿ ಉಂಟಲ್ಲ, ಇನ್ನೆಂತ ಬೇಕು?" ಎಂದ.

ಅವನು ವಿಮಾನ ಹತ್ತಿದ ಮೇಲೆ ಅತ್ತೆ, ನೀನು ಬೇಕಾದರೆ ಹೋಗು, ಹುಡುಗಿ ಇಲ್ಲಿಯೇ ಇರುತ್ತಾಳೆ ಎಂದರು. ನಾನು ಒಳಗೊಳಗೇ ನಕ್ಕೆ. ನಮ್ಮದು ಅಳಿಯಕಟ್ಟು. ಬಳಿ, ಅಂದರೆ ಕುಲ, ನಡೆಯುವುದು ತಾಯಿಯ ಕಡೆಯಿಂದ, ಮಕ್ಕಳು ತಾಯಿಯ ಮನೆಯವರು. ಕುಕ್ಕುಂದೂರಿನ ಸೋದರಮಾವ ಅಂತೂ ಮಾತನ್ನೇ ಮುಗಿಸಿಬಿಟ್ಟರು.

"ಹುಡುಗಿ ಯಾರದ್ದು ಅಂತ ವಕೀಲರು ಹೇಳಬೇಕಾ ಮಾರಾಯ್ತಿ? ನಿನ್ನ ಮದುವೆಗೆ ಕೊಂಡ ಬಂಗಾರದ ಚೀಟಿ ಹುಡುಕು."

ಹುಡುಕಿದೆ. ಉಡುಪಿಯಲ್ಲಿ ಒಬ್ಬ ವಕೀಲೆಯ ಆಫೀಸಿನಲ್ಲಿ ದಿನ ಗೊತ್ತು ಮಾಡಿಕೊಂಡು, ಒಂದು ವಾರ ಕೂತು ಫೈಲು ಕಟ್ಟಿದೆ. ಆಲ್ಬಮ್ಮಿನಿಂದ ಎಳೆದ ಎರಡು ಫೋಟೊ ಮೇಲೆ, ಬಂಗಾರದ ಚೀಟಿ ಕೆಳಗೆ. ಮಗಳ ಬಗ್ಗೆ ಒಂದು ಚೂರು ಕಾಗದ ಇರಲಿಲ್ಲ. ಆಫೀಸಿನ ಗುಮಾಸ್ತರು ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತನ್ನಿ ಎಂದು ಹೇಳಿದ್ದಕ್ಕೆ, ಅದೂ ಒಂದು ಇರಲಿ ಅಂತ ವಕೀಲೆಯನ್ನು ಕಾಣುವ ಹಿಂದಿನ ದಿನ ಕಾಪುವಿನ ಶಾಲೆಗೆ ಹೋದೆ.

ಹೆಡ್‌ಮಿಸ್ ಕಡತ ತೆಗೆದು ನೋಡಿ, ಇದರಲ್ಲಿ ಪೋಷಕರು ಅಂತ ಇರುವುದು ಅಜ್ಜಿ, ಅವರ ಸಹಿ ಬೇಕು ಎಂದರು. ಹೆತ್ತವಳು ನಾನು, ನನ್ನನ್ನು ಬಿಟ್ಟು ಅದು ಹೇಗೆ ಬರೆದಿರಿ ಎಂದು ಸ್ವರ ಏರಿಸಿದೆ. ಅವರು ಕಡತವನ್ನೇ ನನ್ನ ಕಡೆಗೆ ತಿರುಗಿಸಿದರು.

"ಅಕ್ಷರ ನಿಮ್ಮದೇ ಅಲ್ವಾ?"

ನನ್ನದೇ. ಸೀಟು ಕೊಡುವಾಗ ಊರಿನಲ್ಲೇ ಇರುವವರಿಗೆ ಮೊದಲು ಎಂದಿದ್ದರು. ಕಾರ್ಕಳದಲ್ಲಿ ಅಂಗಡಿ ಎಂದರೆ ಸೀಟು ತಪ್ಪೀತು ಎಂದು, ತಾಯಿ ಊರಿನಲ್ಲಿಲ್ಲ, ಮಗುವನ್ನು ನೋಡಿಕೊಳ್ಳುವವರು ಅಜ್ಜಿ ಎಂದು ನಾನೇ ಬರೆದು ಕೊಟ್ಟಿದ್ದೆ. ಸೀಟು ಸಿಕ್ಕಿದ ದಿನ ನನ್ನ ಜಾಣತನವನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿ ಬೀಗಿದ್ದೆ. ಈಗ ಅದೇ ಹಾಳೆಯನ್ನು ಹರಿದು ಬಾಯಿಗೆ ಹಾಕಿಕೊಳ್ಳುವಷ್ಟು ಕೋಪ ಬಂತು. ಯಾರ ಮೇಲೆ ಎಂದು ಕೇಳಬೇಡಿ. ಅವನ ಮೇಲೆ, ಅತ್ತೆಯ ಮೇಲೆ, ಬಂಗಾರದ ಚೀಟಿ ಹುಡುಕಿಸಿದ ಮಾವನ ಮೇಲೆ, ಎಲ್ಲರಿಗಿಂತ ಹೆಚ್ಚು ಆ ಚಂದದ ಅಕ್ಷರದ ಮೇಲೆ.

ಮರುದಿನ ವಕೀಲೆಯ ಎದುರು ಕೂತವಳು ಫೈಲಿನಿಂದ ಫೋಟೊ ಹೊರಗೆ ತೆಗೆಯಲಿಲ್ಲ. ಶಾಲೆಯ ಅರ್ಜಿಯ ಕತೆಯನ್ನೇ ಮೊದಲು ಹೇಳಿದೆ. ಅವರು ಬೈಯಲಿಲ್ಲ. ಇದನ್ನು ನೀವು ಮುಚ್ಚಿಟ್ಟಿದ್ದರೆ ಆ ಕಡೆಯ ವಕೀಲರು ಕೋರ್ಟಿನಲ್ಲಿ ನನ್ನ ಮುಖಕ್ಕೆ ಹಿಡಿಯುತ್ತಿದ್ದರು ಎಂದರು. ಅಳಿಯಕಟ್ಟಿನ ಮಾತೆತ್ತಿದೆ. ಜಡ್ಜ್ ನಿಮ್ಮ ಬಳಿ ಯಾವುದೆಂದು ಕೇಳುವುದಿಲ್ಲ, ಮಗು ದಿನಾ ಯಾರ ಕೈಯಲ್ಲಿ ಊಟ ಮಾಡುತ್ತದೆ ಎಂದು ಕೇಳುತ್ತಾರೆ ಎಂದರು. ಆಮೇಲೆ ಪೆನ್ನು ಹಿಡಿದುಕೊಂಡು, ಮಗಳ ಕ್ಲಾಸ್ ಟೀಚರ್ ಯಾರು, ಜ್ವರ ಬಂದರೆ ಯಾವ ಡಾಕ್ಟರ್, ಶಾಲೆಯಲ್ಲಿ ಹತ್ತಿರದ ಗೆಳತಿ ಯಾರು ಎಂದು ಒಂದೊಂದಾಗಿ ಕೇಳಿದರು.

ಕಾರ್ಕಳದ ಯಾವ ಅಂಗಡಿಯಲ್ಲಿ ಯಾವ ಸೀರೆ ಎಷ್ಟಕ್ಕೆ ಬಿಡುತ್ತಾರೆಂದು ನಿದ್ದೆಯಲ್ಲಿ ಕೇಳಿದರೂ ಹೇಳುವವಳು ನಾನು. ಆ ಮೂರರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ.

ಅವರು ಪೆನ್ನು ಕೆಳಗಿಟ್ಟರು. "ಕೇಸು ಬರೆಯುವುದು ಒಂದು ತಿಂಗಳು ತಡವಾದರೂ ತೊಂದರೆ ಇಲ್ಲ. ನೀವು ಮಗಳಿರುವ ಮನೆಯಲ್ಲಿ ಮಲಗುವುದು ತಡವಾಗಬಾರದು."

ಉಡುಪಿಯಿಂದ ನೇರ ಕಾಪುವಿನ ಬಸ್ಸು ಹತ್ತಿದೆ. ಅಂಗಡಿ ನೋಡಿಕೊಳ್ಳುತ್ತಿದ್ದ ತಂಗಿಗೆ, ಇನ್ನು ಮೇಲೆ ನಾನು ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬರುವವಳು, ನಾಲ್ಕು ಗಂಟೆಯ ಮೊದಲು ಹೊರಡುವವಳು ಎಂದು ಬೂತಿನಿಂದ ಫೋನ್ ಮಾಡಿದೆ. ಅತ್ತೆ ಜಗಲಿಯಲ್ಲಿದ್ದರು.

"ಎಷ್ಟು ದಿನಕ್ಕೆ?"

"ನಿಮ್ಮ ಮಗ ಇನ್ನೂ ಡೈವೋರ್ಸ್ ಕೊಟ್ಟಿಲ್ಲವಲ್ಲ ಅತ್ತೆ. ಅಲ್ಲಿಯವರೆಗೆ ಇದು ನನ್ನ ಮನೆ."

ಅವರು ದುಬೈಗೆ ಫೋನ್ ಮಾಡಲು ಒಳಗೆ ಹೋದರು. ಮಾಡಲಿ ಎಂದುಕೊಂಡು, ಹಲ್ಲು ಕಚ್ಚಿಕೊಂಡೇ ಅವರ ಅಡುಗೆ ಕೋಣೆಗೆ ಹೊಕ್ಕು ಮಗಳಿಗೆ ಅನ್ನಕ್ಕಿಟ್ಟೆ.