ಅಪ್ಪ ಅರ್ಧ ಓದಿದ ಕಾದಂಬರಿ

ನಾನು ಯಾವ ಕೆಲಸ ಮಾಡುತ್ತೇನೆಂದು ಅಮ್ಮನಿಗೆ ವಿವರಿಸಿ ವಿವರಿಸಿ ಸೋತುಹೋಗಿದ್ದೆ. ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್‌ನಲ್ಲಿ ಜೀವ ಹಿಡಿದುಕೊಂಡು ಠಾಣೆ, ಅಲ್ಲಿ ಗಾಡಿ ಬದಲಿಸಿ ಘಣಸೋಲಿ, ಅಲ್ಲಿಂದ ಶೇರ್ ರಿಕ್ಷಾ. ಆಫೀಸಿನಲ್ಲಿ ವಿದೇಶದ ಪ್ರಕಾಶಕರು ಕಳಿಸಿದ ಪಿಡಿಎಫ್ ಪುಸ್ತಕಗಳನ್ನು ಇ-ಬುಕ್ ಆಗಿ ಬದಲಾಯಿಸುವುದು ನಮ್ಮ ಉದ್ಯೋಗ.

"ಪುಸ್ತಕ ತಗೊಂಡು ಪುಸ್ತಕ ಮಾಡ್ಲಿಕ್ಕೆ ಸಂಬಳ ಕೊಡ್ತಾರಾ? ಅವರಿಗೆಲ್ಲ ಬೇರೆ ಕೆಲಸ ಇಲ್ವಾ ಮಾರಾಯ್ತಿ?" ಎನ್ನುತ್ತಿದ್ದಳು ಅಮ್ಮ.

ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಪಿಡಿಎಫ್ ಅಂದರೆ ಅಚ್ಚಾದ ಪುಟ ಇದ್ದ ಹಾಗೆ. ದೊಡ್ಡದು ಮಾಡಿದರೆ ಪುಟವೇ ದೊಡ್ಡದಾಗಿ ಪರದೆಯಾಚೆ ಹೋಗುತ್ತದೆ, ಒಂದು ಸಾಲು ಓದಲು ಎಡಕ್ಕೂ ಬಲಕ್ಕೂ ಎಳೆದಾಡಬೇಕು. ನಾವು ಬದಲಾಯಿಸಿಕೊಟ್ಟ ಫೈಲಿನಲ್ಲಿ ಹಾಗಲ್ಲ. ಅಕ್ಷರ ಎಷ್ಟು ದೊಡ್ಡದಾದರೂ ಸಾಲುಗಳು ತಾವೇ ಮುರಿದುಕೊಂಡು ಪರದೆಯೊಳಗೇ ಕೂರುತ್ತವೆ. ಯಾವುದೋ ದೇಶದಲ್ಲಿ ಕಣ್ಣು ಮಂಜಾದ ಅಜ್ಜಿಯೊಬ್ಬಳು ಹಾಸಿಗೆಯಲ್ಲೇ ಕೂತು ಬೇಕಾದ ಪುಸ್ತಕ ಓದಬಹುದು. ಅದಕ್ಕೆ ನಮ್ಮ ಕೈ ತಾಗಿದೆ ಎಂದು ನನಗೆ ಸ್ವಲ್ಪ ಜಂಭವೂ ಇತ್ತು.

ಆಗಲೇ ನಮ್ಮ ಮನೆಯಲ್ಲೇ ಅಪ್ಪನ ಕಣ್ಣು ಹೋಗತೊಡಗಿತು.

ಅಪ್ಪ ಉಡುಪಿ ಕಡೆಯಿಂದ ಐದನೇ ಕ್ಲಾಸಿನ ಮಧ್ಯದಲ್ಲೇ ಮುಂಬಯಿಗೆ ಬಂದವರು. ಹೊಟೇಲಿನಲ್ಲಿ ಲೋಟ ತೊಳೆಯುವಲ್ಲಿಂದ ಶುರುಮಾಡಿ ಠಾಣೆ ಸ್ಟೇಷನ್ ಹತ್ತಿರದ ಒಂದು ಹೊಟೇಲಿನ ಗಲ್ಲಾದವರೆಗೆ ಬಂದು, ಅಲ್ಲೇ ನಿವೃತ್ತರಾದರು. ಊರಿನ ಸಂಗತಿಗಳನ್ನು ಹೆಚ್ಚು ಹೇಳುವವರಲ್ಲ. ಆದರೆ ಒಂದು ಕಾದಂಬರಿಯ ವಿಷಯ ಮಾತ್ರ ಹಬ್ಬಕ್ಕೊಮ್ಮೆಯಾದರೂ ಬರುತ್ತಿತ್ತು. ಶಾಲೆಯ ಕಪಾಟಿನಿಂದ ತಂದು ಓದುತ್ತಿದ್ದಾಗ, ಅರ್ಧಕ್ಕೇ ಮುಂಬಯಿಯ ಬಸ್ಸು ಹತ್ತಬೇಕಾಯಿತಂತೆ. ಗಂಡನ ಮನೆಯಲ್ಲಿ ಬಾಳಲಾರದ ಒಬ್ಬ ಹೆಂಗಸು ಎಳೆಮಗುವನ್ನು ಎತ್ತಿಕೊಂಡು ಅಣ್ಣನ ಮನೆಗೆ ಹೊರಟಿದ್ದಾಳೆ. ಹೊಳೆ ತುಂಬಿದೆ. ಕಡವಿನಲ್ಲಿ, ಅಂದರೆ ದೋಣಿ ಹತ್ತುವ ಜಾಗದಲ್ಲಿ, ದೋಣಿಯವನು ಆಗುವುದೇ ಇಲ್ಲ ಎನ್ನುತ್ತಿದ್ದಾನೆ. ಅಪ್ಪ ನಿಲ್ಲಿಸಿದ್ದು ಅಲ್ಲಿ.

"ಆ ಪುಣ್ಯಾತ್ಗಿತ್ತಿ ಇಷ್ಟು ವರ್ಷ ಕಡವಿನಲ್ಲೇ ಕೂತಿದ್ದಾಳೆ. ದೋಣಿ ಬಿಟ್ಟನೋ ಇಲ್ವೋ, ದೇವರಿಗೇ ಗೊತ್ತು" ಎಂದು ನಗುತ್ತಿದ್ದರು.

ನಿವೃತ್ತಿಯಾದ ಮೇಲೆ ಹುಡುಕಿದರೆ ಆ ಪುಸ್ತಕ ಎಲ್ಲಿಯೂ ಇಲ್ಲ, ಮರುಮುದ್ರಣವೂ ಆಗಿರಲಿಲ್ಲ. ಕೊನೆಗೆ ಊರಿನಲ್ಲಿದ್ದ ಅತ್ತೆಯ ಮಗ ಅದೇ ಶಾಲೆಯಲ್ಲಿ ಒಂದು ಹರಕು ಪ್ರತಿ ಪತ್ತೆಮಾಡಿ, ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ, ಪಿಡಿಎಫ್ ಮಾಡಿ ನನಗೆ ಮೇಲ್ ಮಾಡಿದ. ಅಪ್ಪನ ಸಂತೋಷ ನೋಡಬೇಕಿತ್ತು. ಪಕ್ಕದ ಮನೆಯವರಿಗೆಲ್ಲ ಅಮ್ಮನ ಕೈಯಲ್ಲಿ ಶೀರಾ ಮಾಡಿಸಿ ಹಂಚಿದರು.

ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟರಲ್ಲೇ ಠಾಣೆಯ ಕಣ್ಣಿನ ಡಾಕ್ಟರು, ಕಣ್ಣಿನೊಳಗಿನ ಪರದೆ ಸವೆಯುತ್ತಿದೆ, ನೋಟದ ನಡುಭಾಗ ನಿಧಾನವಾಗಿ ಹೋಗುತ್ತದೆ, ಬದಿ ಉಳಿಯುತ್ತದೆ ಎಂದಿದ್ದರು. ಅಂದರೆ ಗೋಡೆ ಕಾಣುತ್ತಿತ್ತು, ಗೋಡೆಯ ಗಡಿಯಾರದ ಮುಳ್ಳು ಕಾಣುತ್ತಿರಲಿಲ್ಲ. ಆ ಪಿಡಿಎಫ್‌ನ ಅಕ್ಷರಗಳಂತೂ ಸಾಸಿವೆಯಷ್ಟಿದ್ದವು. ಸ್ಟೇಷನ್ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಕಾಗದಕ್ಕೆ ಹಿಗ್ಗಿಸಿ ತಂದೆ. ಹಳೇ ಪುಟದ ಕಲೆ, ಮಡಿಕೆ, ಗೆದ್ದಲು ತಿಂದ ತೂತು ಎಲ್ಲವೂ ಅಕ್ಷರದ ಜೊತೆಗೇ ಹಿಗ್ಗಿ ಪುಟ ಕಪ್ಪಗೆ ಬಂತು. ಅಪ್ಪ ಭೂತಗನ್ನಡಿ ಹಿಡಿದು ಸ್ವಲ್ಪ ಹೊತ್ತು ಒದ್ದಾಡಿ ಕಾಗದಗಳನ್ನು ಮಡಿಸಿಟ್ಟರು.

"ಯಾರಾದರೂ ಓದಿ ಹೇಳಿದ್ರೆ ಆಯ್ತಲ್ಲ?" ಎಂದಳು ಅಮ್ಮ.

ಅಪ್ಪನಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ಜೀವಮಾನ ಇಡೀ ಬೇರೆಯವರಿಗೆ ಬಡಿಸಿದ್ದೇನೆ. ಇದೊಂದು ನನ್ನ ಎಲೆ. ನಾನೇ ಉಣ್ತೇನೆ. ಯಾರೂ ತುತ್ತು ಮಾಡಿ ಬಾಯಿಗೆ ಇಡೋದು ಬೇಡ."

ಅವರು ಒಪ್ಪಿದ್ದರೂ ಓದುವವರು ಯಾರಿದ್ದರು? ಅಮ್ಮ ಮೂರನೇ ಕ್ಲಾಸು. ನಾನು ಡೊಂಬಿವಲಿಯ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡ ಮಾತಾಡುತ್ತಿದ್ದೆ, ಕನ್ನಡ ಸಂಘದ ಬೋರ್ಡನ್ನು ತಡವರಿಸಿ ಓದುತ್ತಿದ್ದೆ, ಅಷ್ಟೇ. ಹಾಗಾಗಿ ನಾನು ಎದೆ ತಟ್ಟಿಕೊಂಡು ಹೇಳಿದೆ: "ಅಪ್ಪ, ಇದು ನನ್ನ ದಿನದ ಕೆಲಸ. ಪಿಡಿಎಫ್ ಕನ್ವರ್ಟ್ ಮಾಡಿ ಕೊಡ್ತೇನೆ. ಒಂದೊಂದು ಅಕ್ಷರ ವಡೆಯಷ್ಟು ದೊಡ್ಡದು ಮಾಡಿ ನೀವೇ ಓದಿ."

"ಹಾಗಾದ್ರೆ ಬೇಗ ಮಾಡು ಮಾರಾಯ್ತಿ. ಕಣ್ಣು ನನ್ನ ಮಾತು ಕೇಳ್ತಾ ಇಲ್ಲ" ಎಂದರು.

ಮರುದಿನವೇ ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ, ನಮ್ಮ ದೊಡ್ಡ ಸಾಫ್ಟ್‌ವೇರಿಗೆ ಅಪ್ಪನ ಕಾದಂಬರಿಯನ್ನು ಹಾಕಿದೆ. ಇಂಗ್ಲಿಷ್, ಜರ್ಮನ್, ಇನ್ನೂ ಏನೇನೋ ಭಾಷೆಯ ಪುಟಗಳನ್ನು ಗುಳುಗುಳು ನುಂಗಿ ವರ್ಡ್ ಫೈಲ್ ಮಾಡಿಕೊಡುತ್ತಿದ್ದ ಯಂತ್ರ ಅದು. ಕನ್ನಡವನ್ನು ಕಂಡು ಅದಕ್ಕೆ ತಲೆ ಕೆಟ್ಟಿತು. ಚುಕ್ಕಿ, ಪ್ರಶ್ನಾರ್ಥಕ ಚಿಹ್ನೆ, ಎಂಟು, ಸೊನ್ನೆ ಎಲ್ಲ ಸೇರಿಸಿ ಕಲಸಿಟ್ಟಿತು. ಪಕ್ಕದ ಸೀಟಿನ ಮರಾಠಿ ಗೆಳತಿ ಮೂಲ ಪುಟವನ್ನು ಬಗ್ಗಿ ನೋಡಿ, "ಅಗಂ, ಹೀ ತರ್ ಜಿಲೇಬೀ ಆಹೇ!" ಇದು ಜಿಲೇಬಿಯೇ ಸೈ ಎಂದು ನಕ್ಕಳು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವತ್ತು ಅಳು ಬಂತು.

ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಕನ್ವರ್ಟರುಗಳನ್ನೆಲ್ಲ ಇಳಿಸಿ ನೋಡಿದೆ. ಒಂದು ಮೊದಲ ನಾಲ್ಕೈದು ಪುಟಕ್ಕೇ ನಿಂತು ದುಡ್ಡು ಕೇಳಿತು. ಇನ್ನೊಂದು ಪುಟದ ಚಿತ್ರವನ್ನೇ ವರ್ಡ್ ಫೈಲಿನೊಳಗೆ ಅಂಟಿಸಿ, ಆಯಿತು ಎಂದು ಹೇಳಿತು. ಮತ್ತೊಂದರಿಂದ ಕಂಪ್ಯೂಟರಿಗೇ ವೈರಸ್ ಬಂತು.

ಆಮೇಲೆ ಕಲ್ಯಾಣದಲ್ಲಿ ಕನ್ನಡ ಲಗ್ನಪತ್ರಿಕೆ ಅಚ್ಚುಹಾಕುವ ಧಾರವಾಡ ಕಡೆಯವರೊಬ್ಬರ ಬಳಿ ಹೋದೆ. "ಏನೂ ಚಿಂತಿ ಮಾಡಬ್ಯಾಡ್ರೀ ಅಕ್ಕಾರ, ನಾ ಟೈಪ್ ಮಾಡಿ ಕೊಡ್ತೀನಿ" ಎಂದು ಮೊದಲ ಅಧ್ಯಾಯ ಟೈಪ್ ಮಾಡಿಯೇಬಿಟ್ಟರು. ಅವರ ಕಂಪ್ಯೂಟರಿನಲ್ಲಿ ಅದು ಮುತ್ತಿನಂಥ ಕನ್ನಡ. ನಮ್ಮ ಟ್ಯಾಬ್ಲೆಟ್ಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಬಂದ ಹಾಗೆ ಏನೋ ವಿಕಾರ. ಅವರ ಹಳೆಯ ಫಾಂಟು ಅವರ ಯಂತ್ರದಲ್ಲಿ ಮಾತ್ರ ಕನ್ನಡವಾಗುತ್ತಿತ್ತು. ಅಪ್ಪ ಪರದೆಗೆ ಮೂಗು ತಾಗಿಸಿ ನೋಡಿ, "ಇದು ನಿಮ್ಮ ಆಫೀಸಿನ ಭಾಷೆಯಾ?" ಎಂದು ಕೇಳಿದರು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರಲ್ಲ, ಹಾಗಾಯಿತು ನನ್ನ ಬಾಳು.

ಅಪ್ಪ ಅವಸರ ಮಾಡಲಿಲ್ಲ. "ಆಗ್ತದೆ, ಆಗ್ತದೆ. ನೀನು ಊಟ ಮಾಡು ಮೊದಲು" ಎನ್ನುತ್ತಿದ್ದರು. ಹೀಗೇ ಎರಡು ಮೂರು ವರ್ಷ ಉರುಳಿತು. ಅವರ ಒಂದು ಕಣ್ಣು ಪೂರ್ತಿ ಸೋತಿತು, ಇನ್ನೊಂದರಲ್ಲಿ ಕೆಲಸ ಸಾಗುತ್ತಿತ್ತು.

ಕೊನೆಗೊಂದು ದಿನ, ಚಿತ್ರದೊಳಗಿನ ಕನ್ನಡವನ್ನೂ ಗುರುತಿಸುವ ಸಾಫ್ಟ್‌ವೇರ್ ಬಂದಿದೆ ಎಂದು ಆಫೀಸಿನಲ್ಲೇ ಯಾರೋ ಹೇಳಿದರು. ಕಾದಂಬರಿಯ ಮೊದಲ ಅಧ್ಯಾಯದ ಪುಟಗಳನ್ನು ಹಾಕಿದೆ. ಕನ್ನಡ! ನಿಜವಾದ ಕನ್ನಡ ಸಾಲುಸಾಲಾಗಿ ಬಂತು. ಕುರ್ಚಿಯಲ್ಲೇ ಕುಣಿದೆ. ತಪ್ಪುಗಳು ಬೇಕಾದಷ್ಟಿದ್ದವು, ಒತ್ತಕ್ಷರ ಹಾರಿಹೋಗಿತ್ತು, ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. ಆದರೆ ಅಪ್ಪನಂಥವರು ಊಹಿಸಿಕೊಂಡು ಓದಬಹುದಿತ್ತು.

ಅಂದೇ ಆ ಮೊದಲ ಅಧ್ಯಾಯವನ್ನು ಹಾಗೆಯೇ ಒಯ್ದು ಅಪ್ಪನ ಕೈಗೆ ಕೊಡಬೇಕಿತ್ತು. ಆದರೆ ನಮ್ಮ ಕೆಲಸದ ರೂಢಿಯೇ ಬೇರೆ. ಕನ್ವರ್ಟ್ ಆದ ಪುಸ್ತಕವನ್ನು ಮೂಲದ ಜೊತೆ ಸಾಲುಸಾಲಾಗಿ ತಾಳೆ ನೋಡಿ, ತಿದ್ದಿ, ಇನ್ನೊಮ್ಮೆ ನೋಡಿ, ಇಡೀ ಪುಸ್ತಕ ಮುಗಿದ ಮೇಲೆಯೇ ಫೈಲು ಹೊರಗೆ ಹೋಗಬೇಕು. ಒಂದು ಅಲ್ಪವಿರಾಮ ತಪ್ಪಿದರೂ ವಾಪಸ್ ಬರುತ್ತದೆ. ಹತ್ತು ವರ್ಷ ಬೆಣ್ಣೆಯಲ್ಲಿ ಕಲ್ಲು ಹುಡುಕಿ ಹುಡುಕಿ ಅದು ನನ್ನ ರಕ್ತಕ್ಕೇ ಇಳಿದಿತ್ತು. ಯಾರೋ ಅಪರಿಚಿತರಿಗೆ ಅಷ್ಟು ಚೊಕ್ಕವಾಗಿ ಮಾಡಿಕೊಡುವವಳು ಸ್ವಂತ ಅಪ್ಪನಿಗೆ ತಪ್ಪು ತಪ್ಪಾದದ್ದು ಕೊಡುವುದೇ? ಛೆ, ಆಗದು ಎಂದುಕೊಂಡೆ.

ಚೌತಿಯ ಹೊತ್ತಿಗೆ ತಿದ್ದಲು ಕೂತೆ. ಠಾಣೆಯಿಂದ ಘಣಸೋಲಿಗೆ ಹೋಗುವ ಗಾಡಿಯಲ್ಲಿ ಸೀಟು ಸಿಗುತ್ತಿತ್ತು. ಅಲ್ಲಿ ಮೊಬೈಲಿನಲ್ಲಿ ಮೂಲಪುಟ ನೋಡುತ್ತ, ಪ್ರಿಂಟ್ ತೆಗೆದ ಕಾಗದದ ಮೇಲೆ ಗುರುತು ಹಾಕುತ್ತಿದ್ದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದೆ. ಅರ್ಥವಾಗದ ಪದವನ್ನು ಅಪ್ಪನನ್ನೇ ಕೇಳುತ್ತಿದ್ದೆ. ಹೀಗೆ ತಿದ್ದುತ್ತ ತಿದ್ದುತ್ತಲೇ ನನಗೆ ಕನ್ನಡ ಸರಾಗವಾಗಿ ಓದಲು ಬಂತು. ಕಥೆಯೂ ತಿಳಿಯುತ್ತ ಹೋಯಿತು. ಅಪ್ಪನ ಆ ಕಡವಿನ ಪುಟ ದಾಟಿದ ದಿನ ನನ್ನ ಮುಖ ನೋಡಿಯೇ ಅಮ್ಮ ಕೇಳಿದಳು: "ಎಂಥಾಯ್ತು? ದೋಣಿ ಬಿಟ್ಟನಾ?"

"ಹೇಳಬೇಡ!" ಅಪ್ಪ ಕೂತಲ್ಲಿಂದಲೇ ಕೂಗಿದರು. "ಬಾಯಿ ಬಿಟ್ಟರೆ ನೋಡು ಮತ್ತೆ. ನಾನೇ ಓದಬೇಕು."

ಎಲ್ಲ ಮುಗಿದದ್ದು ಯುಗಾದಿಗೆ. ಬೇವುಬೆಲ್ಲದ ಜೊತೆಗೆ ಟ್ಯಾಬ್ಲೆಟ್ಟನ್ನು ಅಪ್ಪನ ಕೈಗಿಟ್ಟೆ. ಪರದೆಯಲ್ಲಿ ನಾಲ್ಕೈದೇ ಪದ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ. ಬೆರಳು ತಾಗಿಸಿದರೆ ಮುಂದಿನ ಪುಟ. ಅಪ್ಪ ತುಂಬ ಹೊತ್ತು ಅದನ್ನು ಹಿಡಿದುಕೊಂಡಿದ್ದರು. "ಭಾರಿ ಚಂದ ಉಂಟು" ಎಂದರು. ನನ್ನ ತಲೆ ಸವರಿದರು.

ಅಂದಿನಿಂದ ದಿನಾ ಚಹಾ ಆದ ಮೇಲೆ ಬಾಲ್ಕನಿಯಲ್ಲಿ ಕೂತು ಓದುತ್ತಿದ್ದರು. ಬೆರಳು ಒಂದೇ ಲಯದಲ್ಲಿ ಆಡುತ್ತಿತ್ತು. ಕೇಳಿದರೆ, "ಮಧ್ಯದಲ್ಲಿ ಸ್ವಲ್ಪ ಎಳೆದಿದ್ದಾನೆ, ಆದರೂ ತೊಂದರೆ ಇಲ್ಲ" ಎಂದು ವಿಮರ್ಶೆ ಬೇರೆ. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಒಂದು ಭಾನುವಾರ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಅವರ ಹೆಗಲ ಮೇಲಿಂದ ಪರದೆ ಕಂಡಿತು. ಅದರಲ್ಲಿ ಇದ್ದದ್ದು ಕಾದಂಬರಿಯಲ್ಲ. ಟ್ಯಾಬ್ಲೆಟ್ಟಿನಲ್ಲಿ ಪುಸ್ತಕ ಓದಲು ಹಾಕಿದ್ದ ಆ್ಯಪ್ ಜೊತೆಗೇ ಬಂದ, ಅದನ್ನು ಬಳಸುವುದು ಹೇಗೆಂದು ತಿಳಿಸುವ ಇಂಗ್ಲಿಷ್ ಪುಸ್ತಕ. ಅಪ್ಪ ಅದರ ಪುಟಗಳನ್ನು ಒಂದೇ ಸಮನೆ ಸರಿಸುತ್ತಿದ್ದರು. ಮುಖದಲ್ಲಿ ಓದುವವರ ಗಾಂಭೀರ್ಯ.

ಕೈಯಲ್ಲಿದ್ದ ಒದ್ದೆ ಬಟ್ಟೆ ಹಿಡಿದುಕೊಂಡೇ ಅಡಿಗೆಮನೆಗೆ ಓಡಿದೆ. ಅಮ್ಮ ತಲೆ ಎತ್ತದೆ ಹೇಳಿದಳು: "ನನಗೆ ಮೊದಲ ದಿನವೇ ಗೊತ್ತಾಯ್ತು. ಆ ಇನ್ನೊಂದು ಕಣ್ಣೂ ಶಿವರಾತ್ರಿಗೆಲ್ಲ ಹೋಗಿತ್ತು ಅಂತ ಕಾಣ್ತದೆ. ನೀನು ಅಷ್ಟು ಕಷ್ಟ ಬಿದ್ದಿದ್ದಿ ಅಂತ ಸುಮ್ಮನಿದ್ದಾರೆ. ಬಾಯಿ ಬಿಡಬೇಡ."

ಬಿಡಲಿಲ್ಲ. ಆ ಇಂಗ್ಲಿಷ್ ಪುಸ್ತಕವನ್ನು ಅಳಿಸಿ, ಕಾದಂಬರಿಯನ್ನೇ ಮತ್ತೆ ತೆರೆದಿಟ್ಟೆ. ದಿನಾ ಅಪ್ಪನ ಬೆರಳು ಆಡುವುದನ್ನು ನೋಡುತ್ತಿದ್ದೆ. ಚೌತಿಯಿಂದ ಶಿವರಾತ್ರಿಯವರೆಗೆ ಆ ಕಣ್ಣಿಗೆ ಅಕ್ಷರ ಕಾಣುತ್ತಿತ್ತಲ್ಲ, ಆಗ ಒಂದೊಂದೇ ಅಧ್ಯಾಯ ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಕೆಲವು ವಾರಗಳ ಮೇಲೆ ಒಂದು ಸಂಜೆ ಅಪ್ಪ ಟ್ಯಾಬ್ಲೆಟ್ಟನ್ನು ಮಡಿಲಲ್ಲಿಟ್ಟು, "ಅಂತೂ ಮುಗೀತು" ಎಂದರು. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ಅಲ್ಲೇ ಬಂದು ಕೂತಳು. "ಹಾಗಾದ್ರೆ ಹೇಳಿ ಮಾರಾಯ್ರೆ, ಕಡೆಗೆ ಎಂಥಾಯ್ತು ಅವಳದ್ದು?"

ಅಪ್ಪ ಗಂಟಲು ಸರಿಮಾಡಿಕೊಂಡು ಹೇಳಿದರು. ದೋಣಿಯವನಿಗೆ ಮಗುವಿನ ಮುಖ ನೋಡಿ ಕರುಣೆ ಬಂದು ದೋಣಿ ಬಿಟ್ಟನಂತೆ. ಆಚೆ ದಡದಲ್ಲಿ ಅಣ್ಣ ದೀಪ ಹಿಡಿದು ಕಾಯುತ್ತಿದ್ದನಂತೆ. ಮನೆಗೆ ಕರೆದುಕೊಂಡು ಹೋಗಿ, ಮೊದಲು ಬಿಸಿ ಗಂಜಿ, ಉಪ್ಪಿನಕಾಯಿ, ಚಟ್ನಿ ಬಡಿಸಿದರಂತೆ. ದೋಣಿಯವನನ್ನೂ ಕೂರಿಸಿ ಬಡಿಸಿದರಂತೆ. ಊಟದ ವಿವರವೇ ಅರ್ಧ ಗಂಟೆ. ಕಥೆಯಲ್ಲಿ ಹಸಿದವರು ಒಬ್ಬರೂ ಉಳಿಯಲಿಲ್ಲ.

ಪುಸ್ತಕದಲ್ಲಿದ್ದದ್ದು ಹಾಗಲ್ಲ. ಪ್ರತಿ ಅಕ್ಷರ ತಿದ್ದಿದವಳು ನಾನು. ಅಲ್ಲಿ ದೋಣಿಯೇನೋ ದಾಟುತ್ತದೆ, ಆದರೆ ಅಣ್ಣನ ಮನೆಯ ಬಾಗಿಲು ತೆರೆಯುವುದಿಲ್ಲ. ಅವಳು ಬೇರೆ ಊರಿಗೆ ಹೋಗಿ ಅವಲಕ್ಕಿ ಕುಟ್ಟಿ ಮಗನನ್ನು ಸಾಕುತ್ತಾಳೆ.

ಅಪ್ಪ ನಾನಿದ್ದ ದಿಕ್ಕಿಗೆ ಮುಖ ತಿರುಗಿಸಿದರು. "ಸರಿ ಉಂಟಲ್ಲ? ನೀನೂ ಓದಿದ್ದಿಯಲ್ಲ. ನಂದು ಎಲ್ಲಾದ್ರೂ ತಪ್ಪಿರಬಹುದು. ಬೇಕಾದ್ರೆ ಒಮ್ಮೆ ಗಟ್ಟಿಯಾಗಿ ಓದು, ನೋಡುವಾ."

ನನಗೆ ಗಾಬರಿಯಾಯಿತು. ಓದಿದರೆ ಅವರ ಸುಳ್ಳು ಅವರೆದುರೇ ಬಯಲಾಗುತ್ತದಲ್ಲ, ಮಾನ ಹೋಗುತ್ತದಲ್ಲ ಎಂದು, "ಬೇಡ ಅಪ್ಪ, ನೀವು ಹೇಳಿದ್ದೇ ಸರಿ. ಹಾಗೇ ಉಂಟು" ಎಂದುಬಿಟ್ಟೆ.

"ಹೌದಾ? ಸರಿ ಹಾಗಾದ್ರೆ" ಎಂದು ಟ್ಯಾಬ್ಲೆಟ್ಟನ್ನು ನನ್ನ ಕೈಗೆ ಕೊಟ್ಟರು.

ಅಡಿಗೆಮನೆಗೆ ಹೋದರೆ ಅಮ್ಮ ಹಿಂದೆಯೇ ಬಂದು ಸೊಪ್ಪಿನ ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಎಂಥ ಹೆಣ್ಣು ಮಾರಾಯ್ತಿ ನೀನು! ಆ ಮನುಷ್ಯ ಯಾವತ್ತಾದ್ರೂ ಒಬ್ಬರ ಹತ್ರ ಕೈ ಚಾಚಿದವರಾ? ಇವತ್ತು ಬಾಯಿ ಬಿಟ್ಟು ಓದು ಅಂದ್ರು. ಓದಿಸಿಕೊಳ್ಳಲಿಕ್ಕೇ ಅಷ್ಟುದ್ದ ಕಥೆ ಕಟ್ಟಿದ್ದು. ಅದೂ ತಿಳೀಲಿಲ್ವಾ ನಿಂಗೆ?"

ಟ್ಯಾಬ್ಲೆಟ್ ಹಿಡಿದು ಹೊರಗೆ ಬಂದೆ. ಅಪ್ಪ ಟಿವಿ ಹಾಕಿಕೊಂಡು ಸುದ್ದಿ ಕೇಳುತ್ತ ಕೂತಿದ್ದರು.

"ಅಪ್ಪ, ಓದ್ಲಾ?" ಎಂದೆ.

"ಯಾಕೆ ಮಗಾ?" ಎಂದರು. "ಮುಗೀತಲ್ಲ."